ನೆಲ ಕಾಯಿಸಬೇಕೋ, ನೀರು ಕಾಯಿಸಬೇಕೋ

ಟೊರಾಂಟೊದಲ್ಲಿರುವ ತಂಗಿಯ ಮಗ ಕಡೂರಿನಲ್ಲಿ ಅಪ್ಪ-ಅಮ್ಮನಿಗೆಂದು ಮನೆ ಕಟ್ಟಿಸುತ್ತಿದ್ದಾನೆ. ಟೈಲ್ಸ್ ಹಾಕುವ ಹಂತ ಬಂದಾಗ ನನಗೆ ಫೋನು ಮಾಡಿದ. "ಮಾವ, ಅಮ್ಮನಿಗೆ ಮಂಡಿ ನೋವು. ಇಲ್ಲಿ ನಮ್ಮ ಬಾತ್‌ರೂಮಿನ ನೆಲದಡಿ ಕರೆಂಟಿನ ಹೀಟಿಂಗ್ ಇದೆ. ಬರಿಗಾಲಲ್ಲಿ ನಿಂತರೂ ಹಿತವಾಗಿರುತ್ತೆ. ಅಲ್ಲೂ ಹಾಕಿಸೋಣ ಅಂತಿದೀನಿ, ವೈರ್‌ಮನ್ ಹತ್ರ ಒಂದು ಮಾತು ಕೇಳ್ತೀರಾ?" ಕೇಳಿದೆ. ವೈರ್‌ಮನ್ ಒಂದು ಗಳಿಗೆ ನನ್ನ ಮುಖ ನೋಡಿ, "ಸಾರ್, ಗೀಸರ್ ಪಾಯಿಂಟಿಗೇ ಇನ್ನೂ ತಂತಿ ಎಳೆದಿಲ್ಲ" ಅಂದ.

ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು. ಆದರೆ ಅಷ್ಟು ದೂರದಿಂದ ಕೇಳಿದವನಿಗೆ ಲೆಕ್ಕ ಸಮೇತ ಹೇಳಬೇಕಲ್ಲ. ಹಾಗೆ ಕೂತು ಹಾಕಿದ ಲೆಕ್ಕ ಇದು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಕಟ್ಟಿಸುವ ಬೇರೆಯವರಿಗೂ ಬೇಕಾದೀತು.

ನೆಲ ಕಾಯಿಸುವ ತಂತ್ರ ಸರಳ. ಇಸ್ತ್ರಿಪೆಟ್ಟಿಗೆಯ ಒಳಗೆ ಕಾಯಿಲ್ ಕಾಯುವ ಹಾಗೆ ಇಲ್ಲಿ ನೆಲದ ಒಳಗೆ ಒಂದು ಕೇಬಲ್ ಕಾಯುತ್ತದೆ. ಮೂರು-ನಾಲ್ಕು ಮಿಲಿಮೀಟರ್ ದಪ್ಪದ ಕೇಬಲನ್ನು ಬಲೆಯಂಥ ಚಾಪೆಯ ಮೇಲೆ ಹಾವು ಹರಿದಂತೆ ಸುತ್ತಿಸಿ ಕೂರಿಸಿರುತ್ತಾರೆ. ಚದರ ಮೀಟರಿಗೆ 100ರಿಂದ 200 ವ್ಯಾಟ್. ಬಚ್ಚಲುಮನೆಗೆ 150 ಅಂದರೆ ಮಾಮೂಲು. ಕೆಳಗೆ ಶಾಖ ಇಳಿಯದಂತೆ ತಡೆಯುವ ಹಲಗೆ, ಅದರ ಮೇಲೆ ಈ ಚಾಪೆ, ಅದರ ಮೇಲೆ ಟೈಲ್ಸ್ ಅಂಟು, ಕಡೆಗೆ ಟೈಲ್ಸ್. ಕೇಬಲಿನ ಎರಡು ಸುತ್ತುಗಳ ನಡುವೆ ಒಂದು ಸಣ್ಣ ಕೊಳವೆ ಹುಗಿದು ಅದರೊಳಗೆ ನೆಲದ ಬಿಸಿ ಅಳೆಯುವ ಸೆನ್ಸರ್ ಇಡುತ್ತಾರೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಅದರ ಮಾತು ಕೇಳಿ ಕರೆಂಟನ್ನು ಬಿಟ್ಟು ಹಿಡಿದು ಮಾಡುತ್ತದೆ.

ಹಾಕುವವರು ಮರೆಯಬಾರದ ನಿಯಮ ನಾಲ್ಕಿವೆ, ಅಷ್ಟೆ. ಬಲೆಯನ್ನು ಕತ್ತರಿಸಿ ಚಾಪೆಯನ್ನು ತಿರುಗಿಸಬಹುದು. ಕೇಬಲನ್ನು ಮಾತ್ರ ಕತ್ತರಿಸುವಂತಿಲ್ಲ. ಉದ್ದ ಕಡಿಮೆಯಾದರೆ ತಡೆ ಕಡಿಮೆಯಾಗಿ ಹೆಚ್ಚು ಕರೆಂಟು ಹರಿದು ಸುಟ್ಟುಹೋಗುತ್ತದೆ. ಕಮೋಡಿನ ಕೆಳಗೆ, ಕಪಾಟಿನ ಕೆಳಗೆ ಹಾಸಬಾರದು. ಹಾಸುವ ಮೊದಲೊಮ್ಮೆ, ಹಾಸಿದ ಮೇಲೊಮ್ಮೆ, ಟೈಲ್ಸ್ ಕೂರಿಸಿದ ಮೇಲೊಮ್ಮೆ ಮೀಟರ್ ಹಿಡಿದು ತಡೆ ಅಳೆದು ಬರೆದಿಡಬೇಕು. ಅಂಟು ಪೂರ್ತಿ ಒಣಗುವವರೆಗೆ ಸ್ವಿಚ್ ಹಾಕಬಾರದು. ಆಮೇಲೆ ಎಲ್ಲಾದರೂ ಕಡಿದರೆ ಟೈಲ್ಸ್ ಅಗೆಯುವುದೇ ದಾರಿ.

ಇದೇನು ಹೊಸ ಬುದ್ಧಿಯಲ್ಲ. ರೋಮನ್ನರು ಸ್ನಾನದ ಮನೆಗಳ ನೆಲವನ್ನು ಕಂಬಗಳ ಮೇಲೆ ಎತ್ತಿ ಅಡಿಯಲ್ಲಿ ಬಿಸಿಗಾಳಿ ಹಾಯಿಸುತ್ತಿದ್ದರು. ಕೊರಿಯಾದವರು ಅಡುಗೆಯ ಒಲೆಯ ಹೊಗೆಯನ್ನೇ ಮಲಗುವ ಕೋಣೆಯ ಕಲ್ಲುಚಪ್ಪಡಿಗಳ ಅಡಿ ಹರಿಯಬಿಟ್ಟು, ಆ ನೆಲದ ಮೇಲೇ ಉಂಡು ಮಲಗುತ್ತಿದ್ದರು. ಅದಕ್ಕೆ ಒಂಡೋಲ್ ಎಂದು ಹೆಸರು. ಕೊರೆಯುವ ಚಳಿಯ ಊರುಗಳ ಬುದ್ಧಿ ಇದು. ಅಲ್ಲಿ ಹಗಲೂ ರಾತ್ರಿ ಮನೆಯನ್ನೇ ಕಾಯಿಸಬೇಕು. ಹಾಗಿದ್ದ ಮೇಲೆ ನೆಲದಿಂದ ಕಾಯಿಸುವುದು ಜಾಣತನ.

ನಮ್ಮಲ್ಲಿ? ಕಡೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸು. ಹತ್ತು ಗಂಟೆಗೆ ಬಿಸಿಲು ಬಂದರೆ ಸ್ವೆಟರ್ ತೆಗೆಯಬೇಕು. ಮಾರ್ಚಿಗೆಲ್ಲ ಅದೇ ನೆಲದ ಮೇಲೆ ತಂಪಿಗೆಂದು ಚಾಪೆಯೂ ಇಲ್ಲದೆ ಮಲಗುತ್ತೇವೆ. ಬಚ್ಚಲಿನ ಜೊತೆ ಮಲಗುವ ಕೋಣೆಗೂ ಹಾಕಿಸೋಣವೆಂದರೆ, 10 ಅಡಿಗೆ 12 ಅಡಿಯ ಕೋಣೆ ಅಂದರೆ 11 ಚದರ ಮೀಟರ್. ಮಂಚ, ಬೀರು ಬಿಟ್ಟು 8 ಚದರ ಮೀಟರಿಗೆ ಹಾಸಿದರೂ 1,200 ವ್ಯಾಟ್. ಗಂಟೆಗೆ ಒಂದು ಯೂನಿಟ್ಟಿನ ಮೇಲೆ. ಅದೂ ಅಡಿಯಲ್ಲಿ ತಡೆ ಹಲಗೆ ಹಾಕದೆ ನೇರ ಬೆಡ್ ಕಾಂಕ್ರೀಟಿನ ಮೇಲೆ ಹಾಸಿದರೆ, ಭೂಮಿತಾಯಿಯನ್ನು ಕಾಯಿಸಿ ಮಿಕ್ಕಿದ್ದು ನಮಗೆ.

ನೆಲ ಯಾಕೆ ಕೊರೆಯುತ್ತದೆ ಎಂಬುದನ್ನು ನೋಡಿದರೆ ಇನ್ನೂ ಅಗ್ಗದ ದಾರಿ ಸಿಗುತ್ತದೆ. ಬೆಳಗಿನ ಜಾವ ಗ್ರಾನೈಟ್ ನೆಲವೂ ಅದರ ಮೇಲಿನ ಮರದ ಮಣೆಯೂ ಇರುವುದು ಒಂದೇ ಉಷ್ಣತೆಯಲ್ಲಿ. ಆದರೆ ಕಲ್ಲಿನ ಮೇಲೆ ಕಾಲಿಟ್ಟರೆ ಜುಮ್ಮೆನ್ನುತ್ತದೆ, ಮಣೆಯ ಮೇಲಿಟ್ಟರೆ ಇಲ್ಲ. ಗ್ರಾನೈಟು ಮರಕ್ಕಿಂತ ಹತ್ತು ಪಟ್ಟಿಗೂ ಮೀರಿ ಬೇಗ ಶಾಖ ಸಾಗಿಸುತ್ತದೆ. ಅಂಗಾಲಿನ ಬಿಸಿಯನ್ನು ಕಲ್ಲು ಎಳೆದುಕೊಂಡು ಒಳಕ್ಕೆ ಕಳಿಸುತ್ತಲೇ ಇರುತ್ತದೆ. ಮರದ ಮೇಲ್ಪದರವಷ್ಟೇ ಬೆಚ್ಚಗಾಗಿ ಸುಮ್ಮನಾಗುತ್ತದೆ. ಹಾಗಾಗಿ ತಂಗಿಯ ಮಂಡಿನೋವಿಗೆ ಬೇಕಾದ್ದು ಒಂದು ತೆಂಗಿನ ನಾರಿನ ಚಾಪೆ, ಬಚ್ಚಲಿಗೆ ಜಾರದಂಥ ರಬ್ಬರ್ ಮ್ಯಾಟು, ಕೂರಲು ಒಂದು ಸ್ಟೂಲು. ತೆಂಗಿನ ಸೀಮೆಯಲ್ಲಿ ಕೂತು ನಾರಿನ ಚಾಪೆ ಬಿಟ್ಟು ಕೇಬಲ್ ತರಿಸುವುದು ನನಗಂತೂ ಒಗ್ಗಲಿಲ್ಲ.

ನಮ್ಮ ಕಡೆ ಚಳಿಯ ದಿನ ದೇಹ ಕೇಳುವ ಬಿಸಿ ಒಂದೇ, ಸ್ನಾನದ್ದು. ಕರೆಂಟಿನ ದುಡ್ಡು ಸುರಿಯುವುದಿದ್ದರೆ ಅಲ್ಲಿಗೆ ಸುರಿಯಬೇಕು.

860 ಎಂಬ ಸಂಖ್ಯೆ

ಗೀಸರಿನ ಅಂಗಡಿಗೆ ಹೋಗುವ ಮೊದಲು ಒಂದೇ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಯಾರೂ ಮೋಸ ಮಾಡಲಾರರು: 860. ಒಂದು ಯೂನಿಟ್ ಕರೆಂಟು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ಅಥವಾ 86 ಲೀಟರನ್ನು ಹತ್ತು ಡಿಗ್ರಿ, 43 ಲೀಟರನ್ನು ಇಪ್ಪತ್ತು ಡಿಗ್ರಿ. ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಕ್ಕಿತು. ಕಾಯಿಲಿನಿಂದ ಕಾಯಿಸುವ ಯಾವ ಕಂಪನಿಯ ಗೀಸರೂ ಈ ಲೆಕ್ಕವನ್ನು ಮೀರಿ ಉಳಿಸಲಾರದು, ಎಲ್ಲವೂ ಹೆಚ್ಚುಕಡಿಮೆ ಇಷ್ಟನ್ನೇ ಕೊಡುತ್ತವೆ.

ನಾಲ್ಕು ಜನರ ಮನೆ, ತಲೆಗೆ ಒಂದೂವರೆ ಬಕೆಟ್ ಎಂದು 25 ಲೀಟರ್ ಹಿಡಿಯೋಣ. ಚಳಿಗಾಲದ ಬೆಳಗ್ಗೆ ತಾರಸಿಯ ಟ್ಯಾಂಕಿನ ನೀರು 20 ಡಿಗ್ರಿ, ಮೈಗೆ ಹಿತವಾಗುವುದು 40. ನೂರು ಲೀಟರನ್ನು ಇಪ್ಪತ್ತು ಡಿಗ್ರಿ ಏರಿಸಲು ದಿನಕ್ಕೆ 2.3 ಯೂನಿಟ್, ತಿಂಗಳಿಗೆ 70. ಏಪ್ರಿಲಿನಲ್ಲಿ ಟ್ಯಾಂಕಿನ ನೀರೇ 30 ಡಿಗ್ರಿ ಇದ್ದರೆ ಅದರ ಅರ್ಧ.

ಈ 70 ಯೂನಿಟ್ ಹೊಸ ಮನೆಯವರಿಗೆ ಮುಖ್ಯ. ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ 2023ರಲ್ಲಿ ಜಾರಿಯಾದಾಗ ಹಳೆಯ ಮನೆಗಳಿಗೆ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಉಚಿತ ಪಾಲು ಗೊತ್ತುಮಾಡಿದರು. ಲೆಕ್ಕ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಯೂನಿಟ್ ಎಂದರು. ಅಂದರೆ ಹೊಸ ಮನೆಯಲ್ಲಿ ಬರೀ ಸ್ನಾನವೇ ಆ ಪಾಲನ್ನು ನುಂಗಿ ನೀರು ಕುಡಿಯುತ್ತದೆ. ಬಲ್ಬು, ಫ್ಯಾನು, ಫ್ರಿಜ್ಜಿನದು ಕೈಯಿಂದ. ಒಟ್ಟು ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ನಿಮ್ಮ ಬಿಲ್ಲಿನಲ್ಲಿ ನಿಮಗೆ ಎಷ್ಟು ಪಾಲು ಎಂದು ನಮೂದಾಗಿರುತ್ತದೆ, ನೋಡಿಕೊಳ್ಳಿ.

ಎಷ್ಟು ಲೀಟರಿನದು ಎಂಬ ಪ್ರಶ್ನೆಗೂ ಇದೇ ಲೆಕ್ಕ. 15 ಲೀಟರಿನ ಗೀಸರ್ 60 ಡಿಗ್ರಿಗೆ ಕಾದರೆ, ಅಷ್ಟೇ ತಣ್ಣೀರು ಬೆರೆಸಿ 30 ಲೀಟರ್ ಹದವಾದ ನೀರು: ಒಬ್ಬರ ಸ್ನಾನ. 25 ಲೀಟರಿನದಾದರೆ 50 ಲೀಟರ್, ಇಬ್ಬರ ಸ್ನಾನ. 2 ಕಿಲೋವ್ಯಾಟ್ ಕಾಯಿಲಿಗೆ 25 ಲೀಟರ್ ಮತ್ತೆ ಕಾಯಲು 35 ನಿಮಿಷ. ನಾಲ್ಕು ಜನರ ಮನೆಗೆ ಇದು ಸಾಕು, ಇಬ್ಬಿಬ್ಬರ ನಡುವೆ ಒಂದು ಕಾಫಿಯಷ್ಟು ಬಿಡುವು. 3 ಲೀಟರಿನ ಇನ್‌ಸ್ಟಂಟ್ ಗೀಸರ್ ನೋಡಲು ಮುದ್ದಾಗಿದೆ, ಬೆಲೆಯೂ ಕಡಿಮೆ. ಆದರೆ 3 ಕಿಲೋವ್ಯಾಟಿನಲ್ಲಿ ಅದು ನಿಮಿಷಕ್ಕೆ ಎರಡು ಲೀಟರಿನ ಚೂರು ಮೇಲೆ ಮಾತ್ರ ಇಪ್ಪತ್ತು ಡಿಗ್ರಿ ಏರಿಸಬಲ್ಲದು. ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ ತುಂಬಲು ಏಳೆಂಟು ನಿಮಿಷ ಕಾಯುವ ತಾಳ್ಮೆ ಇದ್ದರೆ ಅದೂ ಆದೀತು. ಅಡುಗೆಮನೆಯ ಸಿಂಕಿಗೆ ಹೇಳಿಮಾಡಿಸಿದ್ದು.

ವೋಲ್ಟೇಜನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟದ ಮನೆಗಳಲ್ಲಿ, ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ, 230 ಇರಬೇಕಾದ್ದು 180ಕ್ಕೆ ಇಳಿದರೆ ಕಾಯಿಲಿನ ಶಕ್ತಿ ಇಳಿಯುವುದು ವರ್ಗದ ಲೆಕ್ಕದಲ್ಲಿ. 2,000 ವ್ಯಾಟಿನದು 1,225ರಷ್ಟೇ ಕೊಡುತ್ತದೆ, 35 ನಿಮಿಷದ ಕೆಲಸಕ್ಕೆ ಹತ್ತಿರಹತ್ತಿರ ಒಂದು ಗಂಟೆ. ಗೀಸರ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸುವ ಮೊದಲು ಇದನ್ನೊಮ್ಮೆ ನೋಡಿ.

ಅಂಗಡಿಯಾತ ಸ್ಟಾರ್ ಚೀಟಿ ತೋರಿಸುತ್ತಾನೆ. ಆ ನಕ್ಷತ್ರಗಳು ಹೇಳುವುದು, ಕಾದ ನೀರನ್ನು ಹಾಗೇ ಇಟ್ಟರೆ 24 ಗಂಟೆಯಲ್ಲಿ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು ಮಾತ್ರ. ದಿನವಿಡೀ ಸ್ವಿಚ್ ಹಾಕಿಡುವ ಮನೆಗೆ ಐದು ಸ್ಟಾರಿನ ದುಡ್ಡು ವಾಪಸ್ ಬರುತ್ತದೆ. ಬೆಳಗ್ಗೆ ಅರ್ಧ ಗಂಟೆ ಹಾಕಿ ಆರಿಸುವ ನಮ್ಮಂಥವರಿಗೆ ವ್ಯತ್ಯಾಸ ಕಡಿಮೆ. ನಕ್ಷತ್ರಕ್ಕಿಂತ ನಮ್ಮ ಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ.

ಕಾಯಿಲನ್ನು ತಿನ್ನುವ ನೀರು

ಮೂರು ತಾಲ್ಲೂಕಿನ ನೀರು ಒಂದೇ ಅಲ್ಲ. ತರೀಕೆರೆಯ ಪಶ್ಚಿಮದ ಕಡೆ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಸುತ್ತ, ಬೆಟ್ಟದ ಬುಡದ ಊರುಗಳಲ್ಲಿ ಮಳೆ ಚೆನ್ನಾಗಿದೆ, ನೀರೂ ಮೆದು. ಕಡೂರಿನ ಬಯಲು ಮಳೆನೆರಳಿನಲ್ಲಿದೆ. ಇಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಲಾಗಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯೇ ಹೇಳುತ್ತದೆ. ಬೋರು ಆಳಕ್ಕೆ ಹೋದಷ್ಟೂ ನೀರು ಗಡಸು. ತರೀಕೆರೆಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಅಜ್ಜಂಪುರದ ಎರೆಭೂಮಿಯ ಊರುಗಳ ಕಥೆಯೂ ಇದೇ ಜಾತಿಯದು. ಸೋಪಿಗೆ ನೊರೆ ಬಾರದಿದ್ದರೆ, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟಿದರೆ, ಬೇಳೆ ಬೇಗ ಬೇಯದಿದ್ದರೆ ಗೀಸರ್ ಕೊಳ್ಳುವ ಮುನ್ನ ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ಕುಡಿಯುವುದಕ್ಕೂ ಅದೇ ಬೋರಿದ್ದರೆ ಫ್ಲೋರೈಡನ್ನೂ ಜೊತೆಗೇ ನೋಡಿಸಿಬಿಡಿ.

ಗಡಸು ನೀರು ಗೀಸರಿಗೆ ಮಾಡುವ ಕೇಡು ಹೀಗೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಬಿಸಿಯಾದಾಗ ಒಡೆದು ಸುಣ್ಣದಂಥ ಕಾರ್ಬೊನೇಟಾಗಿ ತಳಕ್ಕೆ ಬೀಳುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಈ ಸುಣ್ಣದ್ದು ತಿರುಗುಮುರುಗು: ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಬಿಸಿಯಾದ ಕಾಯಿಲಿನ ಮೈಮೇಲೇ ಅದು ಮೊದಲು ಕಟ್ಟುವುದು. ನೀರಿನ ಗಡಸುತನ 400 ಇದ್ದು ದಿನಕ್ಕೆ 50 ಲೀಟರ್ ಗೀಸರಿನೊಳಗೆ ಹಾದರೆ ವರ್ಷಕ್ಕೆ ಏಳು ಕಿಲೋಗೂ ಹೆಚ್ಚು ಸುಣ್ಣ ಹಾದುಹೋದಂತೆ. ಅದರಲ್ಲಿ ಹತ್ತನೇ ಒಂದು ಪಾಲು ಒಳಗೇ ನಿಂತರೂ ಮುಕ್ಕಾಲು ಕಿಲೋದಷ್ಟು ಕಲ್ಲು! ಪದರ ದಪ್ಪವಾದಂತೆ ಕಾಯಿಲಿನ ಶಾಖ ನೀರಿಗೆ ಇಳಿಯದೆ ಕಾಯಿಲೇ ಕೆಂಪಗೆ ಕಾದು ಒಂದು ದಿನ ಸೀಳುತ್ತದೆ. ಅದಕ್ಕೂ ಮೊದಲು ಗೀಸರ್ ಕುದಿಯುವ ಚೆರಿಗೆಯ ಹಾಗೆ ಗೊಟಗೊಟ, ಟಪ್ ಟಪ್ ಎಂದು ಸದ್ದು ಮಾಡಿ ಎಚ್ಚರಿಸಿರುತ್ತದೆ.

ಅದಕ್ಕೇ ಇನ್‌ಕೊಲಾಯ್ ಮಿಶ್ರಲೋಹದ ಅಥವಾ ಗಾಜಿನ ಲೇಪದ ಕಾಯಿಲ್ ಇದೆಯೇ ಎಂದು ಕೇಳಿ. ಬರೀ ತಾಮ್ರದ್ದು ಬೋರ್ ನೀರಿಗೆ ಬಾಳುವುದಿಲ್ಲ. ಒಳತೊಟ್ಟಿಗೆ ಗಾಜಿನ ಅಥವಾ ಅಂಥದೇ ಲೇಪ ಇರಲಿ. ಜೊತೆಗೆ ಆನೋಡ್ ರಾಡ್ ಎಂಬ ಮೆಗ್ನೀಸಿಯಂ ಕೋಲು ಇರುತ್ತದೆ. ತೊಟ್ಟಿಯ ಉಕ್ಕು ತುಕ್ಕು ಹಿಡಿಯದಿರಲೆಂದು ಅದರ ಬದಲು ತಾನೇ ಸವೆದುಹೋಗುವುದು ಅದರ ಕೆಲಸ. ತೊಟ್ಟಿಗೆ ಏಳು ವರ್ಷ ಗ್ಯಾರಂಟಿ ಎಂದು ನಿಶ್ಚಿಂತರಾಗಿರುವವರು ಗ್ಯಾರಂಟಿ ಕಾರ್ಡಿನ ಸಣ್ಣಕ್ಷರದಲ್ಲಿ ನೀರಿನ ಗಡಸುತನಕ್ಕೆ ಮಿತಿ ಹಾಕಿದೆಯೇ ಎಂದು ಓದಬೇಕು. ಥರ್ಮೋಸ್ಟಾಟನ್ನು 75ಕ್ಕೆ ತಿರುಗಿಸಿಟ್ಟರೆ ಸುಣ್ಣ ಬೇಗ ಕಟ್ಟುತ್ತದೆ. 55ರ ಹತ್ತಿರ ಇಟ್ಟು, ಬಹಳ ದಿನ ಬಳಸದೆ ಬಿಟ್ಟಿದ್ದರೆ ಒಮ್ಮೆ 60 ದಾಟಿಸಿ ಆಮೇಲೆ ಬಳಸಿ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣು ಬೆಳೆಯಬಹುದು. ಏನೇ ಮಾಡಿದರೂ ವರ್ಷಕ್ಕೊಮ್ಮೆ ಸುಣ್ಣ ತೆಗೆಸಲೇಬೇಕು.

ತಂತಿ, ಮಣ್ಣು, ಪೈಪು

ಗೀಸರ್ ಜೋಡಿಸುವ ಕೆಲಸದಲ್ಲಿ ಗೋಡೆಗೆ ನೇತುಹಾಕುವುದು ಅರ್ಧ ಗಂಟೆಯದು. ಉಳಿದದ್ದು ಮನೆ ಕಟ್ಟುವಾಗಲೇ ಆಗಿರಬೇಕು. 2 ಕಿಲೋವ್ಯಾಟಿಗೆ ಒಂಬತ್ತು ಆಂಪಿಯರ್, 3ಕ್ಕೆ ಹದಿಮೂರು. ಮೀಟರ್ ಬೋರ್ಡಿನಿಂದ ಬೇರೆಯದೇ ಲೈನು, 2.5 ಸ್ಕ್ವೇರ್ ತಾಮ್ರದ ತಂತಿ, ದೂರ ಜಾಸ್ತಿಯಿದ್ದರೆ ಅಥವಾ 3 ಕಿಲೋವ್ಯಾಟಾದರೆ 4 ಸ್ಕ್ವೇರ್. 16 ಆಂಪಿಯರಿನ ದೊಡ್ಡ ಸಾಕೆಟ್, ಅದಕ್ಕೇ ಒಂದು ಎಂಸಿಬಿ. ಸ್ವಿಚ್ಚು ಬಚ್ಚಲಿನ ಹೊರಗೆ. ಬಲ್ಬಿನ ಲೈನಿನಿಂದ ಕವಲು ತೆಗೆದು ಗೀಸರಿಗೆ ಕೊಡುವವನನ್ನು ಅಲ್ಲೇ ತಡೆಯಿರಿ. ಹಳೆಯ ಮನೆಗಳಿಗೆ ಮಂಜೂರಾದ ಲೋಡೇ ಒಂದು ಕಿಲೋವ್ಯಾಟ್ ಇರುವುದುಂಟು. ಗೀಸರ್ ತರುವ ಮೊದಲು ಮೆಸ್ಕಾಂ ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಬೇಕು.

ಅರ್ಥಿಂಗ್ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ತೊಂದರೆ ಇದೆ. ಅರ್ಥ್ ಗುಂಡಿ ಕೆಲಸ ಮಾಡುವುದು ಮಣ್ಣಿನ ತೇವದಿಂದ. ಕಡೂರಿನ ಜಲ್ಲಿಮಣ್ಣು ಫೆಬ್ರವರಿಗೇ ಒಣಗುತ್ತದೆ, ಅಜ್ಜಂಪುರದ ಎರೆ ಒಣಗಿದರೆ ಬಿರಿದು ಕೊಳವೆಯ ಸುತ್ತ ಸಂದು ಬಿಡುತ್ತದೆ. ಮಳೆಗಾಲದಲ್ಲಿ ಮೀಟರ್ ಹಿಡಿದು ಚೆನ್ನಾಗಿದೆ ಎಂದ ಅರ್ಥಿಂಗು ಬೇಸಿಗೆಗೆ ಹೆಸರಿಗಷ್ಟೇ. ಆದ್ದರಿಂದ ಗುಂಡಿಯನ್ನು ಬಚ್ಚಲಿನ ಅಥವಾ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ತೋಡಿಸಿ, ನೀರು ತಾನಾಗಿ ಇಂಗುತ್ತಿರುತ್ತದೆ. ಇಲ್ಲದಿದ್ದರೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟು ಹೋದದ್ದಕ್ಕೂ ಬಂದದ್ದಕ್ಕೂ ಅಷ್ಟು ವ್ಯತ್ಯಾಸ ಕಂಡರೂ, ಅಂದರೆ ಯಾರದೋ ಮೈಯಿಂದ ಭೂಮಿಗೆ ಹರಿಯುತ್ತಿದೆ ಎಂಬ ಅನುಮಾನ ಬಂದ ಕೂಡಲೇ, ಅದು ಲೈನು ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅದು ಸತ್ತಿದೆ ಎಂದೇ ಅರ್ಥ. ಇದರ ಬೆಲೆಗೆ ಹಿಂದೇಟು ಹಾಕಿ ಮೂರು ಸಾವಿರದ ನಲ್ಲಿ ಕೊಳ್ಳುವವರನ್ನು ನಾನು ಕಂಡಿದ್ದೇನೆ.

ಪೈಪಿನದು ಇನ್ನೊಂದು. ತಣ್ಣೀರಿನ ಬಿಳಿ ಪಿವಿಸಿಯನ್ನು ಬಿಸಿನೀರಿಗೆ ಹಾಕಿದರೆ ಮೆತ್ತಗಾಗಿ ಜೋತುಬೀಳುತ್ತದೆ, ಜಾಯಿಂಟು ಬಿಡುತ್ತದೆ. ಬಿಸಿಗೆ ಸಿಪಿವಿಸಿ. ಗೀಸರಿನ ತಣ್ಣೀರು ಬಾಯಿಗೆ ಜೊತೆಯಲ್ಲಿ ಕೊಡುವ ವಾಲ್ವನ್ನು ತಪ್ಪದೆ ಕೂರಿಸಬೇಕು. ಬಿಸಿನೀರು ಹಿಂದಕ್ಕೆ ಹರಿಯದಂತೆ ತಡೆಯುವುದೂ, ಒತ್ತಡ ಮೀರಿದರೆ ಹೊರಬಿಡುವುದೂ ಅದೇ. ಅದು ಆಗಾಗ ಹನಿ ತೊಟ್ಟಿಕ್ಕುತ್ತದೆಂದು ಮೊಳೆ ಹೊಡೆದೋ ಎಂಸೀಲ್ ಮೆತ್ತಿಯೋ ಮುಚ್ಚಿದರೆ ಗೀಸರ್ ಬಾಂಬಾಗುತ್ತದೆ. 8 ಬಾರ್ ಒತ್ತಡ ತಡೆಯುತ್ತದೆ ಎಂಬ ಜಾಹೀರಾತು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್. ನಮ್ಮ ಒಂದು ಅಂತಸ್ತಿನ ಮನೆಯ ಟ್ಯಾಂಕಿನಿಂದ ಬರುವುದು ಅರ್ಧ ಬಾರ್ ಕೂಡ ಅಲ್ಲ.

25 ಲೀಟರಿನ ಗೀಸರ್ ತುಂಬಿದಾಗ 35 ಕಿಲೋ ದಾಟುತ್ತದೆ. ಮಣ್ಣಿನ ಗೋಡೆಗೆ, ಟೊಳ್ಳು ಸಿಮೆಂಟ್ ಇಟ್ಟಿಗೆಗೆ ಮಾಮೂಲು ಬೋಲ್ಟು ನಿಲ್ಲದು. ಗೋಡೆಯ ಆಚೆಗೂ ಹಾಯಿಸಿ ಪಟ್ಟಿ ಕೊಟ್ಟು ಬಿಗಿಯಬೇಕು. ಸ್ನಾನಕ್ಕೆ ಕೂರುವವರ ತಲೆಯ ನೇರಕ್ಕೆ ಬೇಡ. ಕೆಳಗೆ ಕಾಯಿಲ್ ಇಳಿಸಿ ತೆಗೆಯಲು ಒಂದಡಿ ಜಾಗ ಬಿಡಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರಾಕಾರ ಬಂದು, ತೊಟ್ಟಿ ತುಂಬಿದ್ದು ಖಾತ್ರಿಯಾದ ಮೇಲೇ ಮೊದಲ ಸಲ ಸ್ವಿಚ್ ಹಾಕಬೇಕು. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿ ಆಮೇಲೆ. 60 ಡಿಗ್ರಿಯ ನೀರು ವಯಸ್ಸಾದವರ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಬಕೆಟ್ಟಿನೊಳಗೆ ನೇತುಹಾಕುವ ಹೀಟರ್ ರಾಡನ್ನು ಇನ್ನೂ ಬಳಸುವವರಿದ್ದಾರೆ. ಸ್ವಿಚ್ ಆರಿಸಿ, ಪ್ಲಗ್ಗನ್ನೇ ಕಿತ್ತ ಮೇಲೆ ನೀರಿಗೆ ಬೆರಳು ಅದ್ದಬೇಕು ಎನ್ನುವುದಷ್ಟೇ ಅವರಿಗೆ ಹೇಳಲಿಕ್ಕಿರುವುದು. ಗ್ಯಾಸ್ ಗೀಸರ್ ಅಂತೂ ಮುಚ್ಚಿದ ಬಚ್ಚಲಿನೊಳಗೆ ಕೂಡದು. ಅದು ಗಾಳಿಯ ಆಮ್ಲಜನಕ ತಿಂದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಲೆ ಸುತ್ತಿ ಬೀಳುವವರೆಗೆ ತಿಳಿಯುವುದೂ ಇಲ್ಲ.

ಬಿಸಿಲೂ ಹಂಡೆಯೂ

ತಾರಸಿ ಇರುವವರು ಸೋಲಾರನ್ನು ಬಿಟ್ಟು ಯೋಚಿಸುವುದು ದಡ್ಡತನ. ಕಡೂರು, ಅಜ್ಜಂಪುರಕ್ಕೆ ಚಳಿ ಬರುವ ತಿಂಗಳುಗಳಲ್ಲೇ ಆಕಾಶ ನಿರ್ಮಲವಾಗಿರುತ್ತದೆ. ಬಿಸಿನೀರು ಬೇಕಾದಾಗಲೇ ಬಿಸಿಲೂ ಇರುತ್ತದೆ. ನಾಲ್ಕು ಜನಕ್ಕೆ 100 ಲೀಟರಿನದು ಸಾಕು. ಬೋರ್ ನೀರಿಗೆ ತಾಮ್ರದ ಕಿರುಕೊಳವೆಗಳ ಚಪ್ಪಟೆ ಫಲಕ ಬೇಡ, ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ. ಅಗಲ ಬಾಯಿಯ ಗಾಜಿನ ಕೊಳವೆಯದು ವಾಸಿ, ಬಿಚ್ಚಿ ತೊಳೆಯಬಹುದು. ತರೀಕೆರೆಯ ಮೇಲುಗಡೆ ಕೆಮ್ಮಣ್ಣುಗುಂಡಿಯ ಬುಡದ ಊರುಗಳಲ್ಲಿ ಮಾತ್ರ ಎರಡು ಬಾರಿ ಯೋಚಿಸಿ. ಜೂನಿನಿಂದ ಮೋಡ ಕವಿದುಕೊಂಡೇ ಇರುತ್ತದೆ, ಕೋತಿಗಳಿಗೆ ಗಾಜಿನ ಕೊಳವೆ ಆಟದ ಸಾಮಾನು. ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಗಾಳಿ ಬಿಡುವ ಕೊಳವೆಯ ಬಾಯಿ ಮುಚ್ಚಬಾರದು. ತಾರಸಿಯಿಂದ ಬಚ್ಚಲಿಗೆ ಮುಕ್ಕಾಲಿಂಚಿನ ಪೈಪು ಇಪ್ಪತ್ತು ಮೀಟರ್ ಬಂದರೆ ಅದರೊಳಗೆ ನಿಂತ ಆರು ಲೀಟರಿನಷ್ಟು ತಣ್ಣೀರು ದಿನಾ ಮೊದಲು ಹೊರಗೆ ಬರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದಿಟ್ಟುಕೊಂಡರೆ ಬೆರೆಸಲು ಆಯಿತು.

ತೋಟ ಇರುವವರಿಗೆ ಹಂಡೆ ಒಲೆ ಇನ್ನೂ ಲೆಕ್ಕಕ್ಕೆ ನಿಲ್ಲುತ್ತದೆ. ಕಡೂರಿನ ಕಡೆ ತೆಂಗಿನ ಮಟ್ಟೆ, ತರೀಕೆರೆಯ ಕಡೆ ಅಡಿಕೆ ಸಿಪ್ಪೆ ಕೊಳ್ಳುವ ಸಾಮಾನಲ್ಲ. ಕೇಡಿರುವುದು ಹೊಗೆಯಲ್ಲಿ, ಮತ್ತು ಬೆಂಕಿಯ ಬಹುಪಾಲು ಹಂಡೆಯ ಪಕ್ಕದಿಂದ ಹಾರಿಹೋಗುವುದರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ತ್ರ ಕೇಂದ್ರದವರು ಹೊಗೆಕೊಳವೆಯ ಒಲೆಗಳನ್ನು ರೂಪಿಸಿ ಊರೂರಿಗೆ ಹಬ್ಬಿಸಿದ್ದು ಇದಕ್ಕೇ. ಬೆಂಕಿ ಹಂಡೆಯ ಹೊಟ್ಟೆಯನ್ನು ಸುತ್ತಿ ಹೋಗುವಂತೆ ಸಣ್ಣ ಸಂದು ಬಿಟ್ಟು ಒಲೆ ಕಟ್ಟಿ, ಚಿಮಣಿಯನ್ನು ಸೂರಿನ ಮೇಲಕ್ಕೆ ಒಯ್ದರೆ ಮಟ್ಟೆಯೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ತಂಗಿಯ ಮಗನಿಗೆ ಇಷ್ಟನ್ನೂ ಹೇಳಿದ ಮೇಲೆ ಕೊನೆಗೆ ನಿಂತದ್ದು ಹೀಗೆ: ತಾರಸಿಗೆ 100 ಲೀಟರ್ ಸೋಲಾರ್, ಮೋಡದ ದಿನಕ್ಕೆ 25 ಲೀಟರಿನ ಗೀಸರ್, 4 ಸ್ಕ್ವೇರ್ ತಂತಿ, ಬಚ್ಚಲ ನೀರು ಇಂಗುವಲ್ಲಿ ಅರ್ಥ್ ಗುಂಡಿ, ನಾರಿನ ಚಾಪೆ ಎರಡು. "ವರ್ಷಕ್ಕೊಮ್ಮೆ ಸುಣ್ಣ ತೆಗೆಸಬೇಕು ಅಂದ್ರಲ್ಲ ಮಾವ, ಯಾವಾಗ ಅಂತ ಅಮ್ಮನಿಗೆ ನೆನಪಿರುತ್ತಾ?" ಅಂದ. ಅದಕ್ಕೊಂದು ದಿನ ಹಿರಿಯರೇ ಗೊತ್ತುಮಾಡಿ ಹೋಗಿದ್ದಾರೆ. ದೀಪಾವಳಿಯ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಚಳಿ ಕಾಲಿಡುವ ಹೊತ್ತಿಗೆ ಸರಿಯಾಗಿ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೆ ಕಟ್ಟಿದ್ದನ್ನೆಲ್ಲ ಕೆರೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರು. ಹುಣಸೆಯ ಹುಳಿ ಮಾಡುತ್ತಿದ್ದ ಕೆಲಸವನ್ನೇ ಮೆಕ್ಯಾನಿಕ್ ಸಿಟ್ರಿಕ್ ಆಸಿಡ್ ಹಾಕಿ ಮಾಡುತ್ತಾನೆ. ಹಬ್ಬಕ್ಕೆ ವಾರ ಮುಂಚೆ ಅವನನ್ನು ಕರೆಸಿ. ಮೆಯಿನ್ ಆರಿಸಿ ತೊಟ್ಟಿ ಬರಿದುಮಾಡಲಿ, ಕಾಯಿಲ್ ಇಳಿಸಿ ಸುಣ್ಣ ತೆಗೆಯಲಿ, ಆನೋಡ್ ಪೆನ್ಸಿಲಿನಷ್ಟು ಸಣ್ಣಗಾಗಿದ್ದರೆ ಹೊಸದು ಹಾಕಲಿ, ವಾಷರ್ ಬದಲಿಸಲಿ. ಕೆಳಗೊಂದು ಅಗಲವಾದ ಬೇಸಿನ್ ಇಟ್ಟಿರಿ, ಅದರೊಳಗೆ ಬೀಳುವ ಬಿಳಿ ಚಕ್ಕೆಗಳನ್ನು ನೋಡಿದರೆ ನಿಮ್ಮ ಬೋರಿನ ನೀರು ಎಂಥದೆಂದು ಗೊತ್ತಾಗುತ್ತದೆ.